ಮ್ಯೂಸಿಯಮ್ಮಿನಲ್ಲಿ ಹುಡುಕಿದ ಸೇರು

ನನ್ನ ಬಗ್ಗೆ ಊರಿನಲ್ಲಿ ಒಂದು ತಪ್ಪು ಕಲ್ಪನೆ ಇದೆ. ಬೆಂಗಳೂರಿನ ತಂಗಿಯ ಮನೆಗೆ ಹೋದಾಗಲೆಲ್ಲ ನಾನು ಮ್ಯೂಸಿಯಂ, ಚಿತ್ರಗಳ ಗ್ಯಾಲರಿ, ಹಳೇ ಸಾಮಾನುಗಳ ಪ್ರದರ್ಶನ ಎಂದು ಸುತ್ತುವುದು ಶನಿವಾರಸಂತೆಯ ನಮ್ಮ ಪರಿಚಯದವರಿಗೆಲ್ಲ ಗೊತ್ತು. ನಾನು ಕೆಲಸ ಮಾಡುವ ಅಂಗನವಾಡಿಯ ಸಹಾಯಕಿ, "ನಮ್ ಟೀಚರಿಗೆ ಕಲೆ ಅಂದ್ರೆ ಪ್ರಾಣ" ಎಂದು ಬಂದವರಿಗೆಲ್ಲ ಹೇಳುತ್ತಾಳೆ. ನನ್ನ ಗಂಡ ಇನ್ನೂ ಒಂದು ಹೆಜ್ಜೆ ಮುಂದೆ. "ಇವ್ಳು ಸೀರೆ ಅಂಗಡಿ ಮುಂದೆ ನಿಲ್ಲಲ್ಲ, ಕಲ್ಲಿನ ಮುಂದೆ ಅರ್ಧ ಗಂಟೆ ನಿಲ್ತಾಳೆ" ಎಂದು ಹೆಮ್ಮೆಯೋ ಗೇಲಿಯೋ ತಿಳಿಯದ ಹಾಗೆ ಹೇಳುತ್ತಾರೆ. ನಾನು ಯಾರನ್ನೂ ತಿದ್ದಲು ಹೋಗಿಲ್ಲ. ನಿಜ ಹೇಳಬೇಕೆಂದರೆ ನಾನು ಮೊದಲ ಸಲ ಮ್ಯೂಸಿಯಮ್ಮಿನ ಮೆಟ್ಟಿಲು ಹತ್ತಿದ್ದು ಕಲೆಯ ಮೇಲಿನ ಪ್ರೀತಿಗಲ್ಲ, ಒಂದು ಸೇರನ್ನು ಹುಡುಕಿಕೊಂಡು.

ಸೇರು ಎಂದರೆ ಅಕ್ಕಿ ಅಳೆಯುವ ಸೇರೇ. ಹಲಸಿನ ಮರದ್ದು, ಬಾಯಿಗೂ ಬುಡಕ್ಕೂ ಹಿತ್ತಾಳೆ ಪಟ್ಟಿ. ಬಾಯಿಯ ಪಟ್ಟಿಗೆ ಹೊಡೆದಿದ್ದ ಮೂರು ಮೊಳೆಗಳಲ್ಲಿ ಎರಡು ಹಿತ್ತಾಳೆಯವು, ಒಂದು ಕಬ್ಬಿಣದ್ದು. ಅಂಚಿನಲ್ಲಿ ಒಂದು ಕಡೆ ಹೆಬ್ಬೆರಳು ಕೂರುವಷ್ಟು ಅಗಲ ಸವೆದಿತ್ತು. ಅದು ನನ್ನ ಅತ್ತೆಯ ಹೆಬ್ಬೆರಳು ಸವೆಸಿದ್ದು, ಅವರಿಗೂ ಮೊದಲು ಅವರ ಅತ್ತೆಯದು. ನಾನು ಮದುವೆಯಾಗಿ ಬಂದ ದಿನ ಹೊಸ್ತಿಲ ಮೇಲೆ ಅಕ್ಕಿ ತುಂಬಿಟ್ಟಿದ್ದ ಆ ಸೇರನ್ನೇ ಬಲಗಾಲಿನಿಂದ ಒದ್ದು ಒಳಗೆ ಬಂದಿದ್ದೆ. ಮೆಲ್ಲಗೆ ತಾಕಿಸಬೇಕಾದ ಕಡೆ ಗಾಬರಿಯಲ್ಲಿ ಜೋರಾಗಿಯೇ ಒದ್ದುಬಿಟ್ಟೆ. ಅಕ್ಕಿ ದೇವರ ಗೂಡಿನವರೆಗೂ ಚೆಲ್ಲಿಹೋಯಿತು. ನೆಂಟರೆಲ್ಲ ಮೂಗಿನ ಮೇಲೆ ಬೆರಳಿಟ್ಟರು. ಅತ್ತೆ ಮಾತ್ರ, "ಹೋಗ್ಲಿ ಬುಡಿ, ಕಾಲಾಗೆ ಕಸುವೈತೆ, ಗದ್ದೆ ಕೆಲ್ಸಕ್ಕಾಯ್ತದೆ" ಎಂದು ನಕ್ಕರು. ಆ ಒಂದು ನಗುವಿಗೆ ನಾನು ಅವತ್ತೇ ಅವರ ಕಡೆಯವಳಾಗಿಬಿಟ್ಟೆ.

ಸೇರಿನ ವಿಷಯದಲ್ಲಿ ಅತ್ತೆಗೆ ಎರಡು ಕಟ್ಟಳೆ. ಅದು ಬರಿದಾಗಿರಬಾರದು, ಬೋರಲಾಗಿರಬಾರದು. ಅಳೆದಾದ ಮೇಲೆ ಒಂದು ಹಿಡಿ ಅಕ್ಕಿಯನ್ನು ಸೇರಿನಲ್ಲೇ ಬಿಟ್ಟು ನೆಟ್ಟಗೆ ಇಡಬೇಕು. ಹೊಸದರಲ್ಲಿ ನಾನೊಮ್ಮೆ ಅದನ್ನು ತೊಳೆದು, ಪಾತ್ರೆಗಳ ಜೊತೆ ಬಿಸಿಲಿಗೆ ಬೋರಲು ಹಾಕಿದ್ದೆ. ಅತ್ತೆ ಒಂದು ಮಾತೂ ಬೈಯಲಿಲ್ಲ. ಸೇರನ್ನು ಎತ್ತಿ ಒರೆಸಿ, ಅಕ್ಕಿ ತುಂಬಿ, ಒಳಗಿಟ್ಟು, ಮಧ್ಯಾಹ್ನ ಊಟ ಬೇಡವೆಂದು ಮಲಗಿದರು. ಅವರಿಗೆ ಬೈಯಲು ಬರುವುದೇ ಇಲ್ಲ. ನನ್ನಂಥ ಬಾಯಿ ಜೋರಿನವಳಿಗೆ ಅಂಥ ಅತ್ತೆ ಸಿಕ್ಕರೆ ಎಷ್ಟು ಕಷ್ಟ ಎನ್ನುವುದು ಅನುಭವಿಸಿದವರಿಗೇ ಗೊತ್ತು.

ಆರು ವರ್ಷದ ಹಿಂದಿನ ಮಾತು. ಗೌರಿ ಹಬ್ಬ ಹತ್ತಿರವಿತ್ತು. ಅತ್ತೆ ಸುಂಟಿಕೊಪ್ಪದಲ್ಲಿರುವ ಮಗಳ ಮನೆಗೆ ಹೋಗಿ ಹತ್ತು ದಿನವಾಗಿತ್ತು. ನನಗೆ ವರ್ಷಕ್ಕೊಮ್ಮೆ ಮನೆ ಚೊಕ್ಕ ಮಾಡುವ ದೆವ್ವ ಹಿಡಿಯುತ್ತದೆ. ಆ ದೆವ್ವ ಮೈಮೇಲೆ ಇದ್ದಾಗ ನನ್ನ ಎದುರು ಯಾರೂ ನಿಲ್ಲಬಾರದು, ಯಾವ ಸಾಮಾನೂ ಇರಬಾರದು. ಸೇರಿನ ಪಟ್ಟಿ ಸಡಿಲವಾಗಿತ್ತು, ಬುಡದಿಂದ ಹಿಟ್ಟಿನ ಹಾಗೆ ಹುಡಿ ಉದುರುತ್ತಿತ್ತು. ಹುಳ ಹಿಡಿದಿದೆ, ಅಕ್ಕಿಗೂ ಹತ್ತೀತು ಎಂದುಕೊಂಡೆ. ಅದೇ ಹೊತ್ತಿಗೆ ಸರಿಯಾಗಿ ಹಳೇ ಸಾಮಾನಿಗೆ ಸ್ಟೀಲ್ ಪಾತ್ರೆ ಕೊಡುವವನು ಮೊಪೆಡ್ಡಿನಲ್ಲಿ ಬಂದು ಗೇಟಿನ ಮುಂದೆ ಹಾರ್ನ್ ಹೊಡೆದ. ಒಡೆದ ಲಾಟೀನು, ತೂತಾದ ಎರಡು ತಪ್ಪಲೆಗಳ ಜೊತೆ ಸೇರನ್ನೂ ಕೊಟ್ಟು, ಬಿಗಿ ಮುಚ್ಚಳದ ಒಂದು ಸ್ಟೀಲ್ ಡಬ್ಬ ತೆಗೆದುಕೊಂಡೆ.

ಅವನು ಸೇರನ್ನು ಅಂಗೈಯಲ್ಲಿ ಒರೆಸಿ, ಗೋಣಿಗೆ ಹಾಕದೆ ಮುಂದಿನ ಬುಟ್ಟಿಯಲ್ಲಿಟ್ಟುಕೊಂಡ. "ಇಂಥದ್ದೆಲ್ಲ ಬೆಂಗ್ಳೂರಿಗೆ ಹೋಗ್ತದೆ ಅಕ್ಕಾ. ಅಲ್ಲಿ ಗಾಜಿನ ಪೆಟ್ಟಿಗೇಲಿ ಇಟ್ಬಿಟ್ಟು ಜನ ನಿಂತು ನೋಡ್ತಾರೆ" ಎಂದ. ಅವನು ಹೊರಟು ಅರ್ಧ ಗಂಟೆಯಾಗಿರಲಿಲ್ಲ, ಅತ್ತೆ ಬಂದು ಕೇಳಿದರೆ ಏನು ಹೇಳುವುದು ಎನ್ನುವುದು ತಲೆಗೆ ಬಂತು. ಒದ್ದೆ ಕೈಯಲ್ಲೇ ರಸ್ತೆಗೆ ಓಡಿ ಬಂದು ನೋಡಿದರೆ ಯಾರೂ ಇಲ್ಲ.

ಅತ್ತೆ ವಾಪಸು ಬಂದು ಕೈಕಾಲು ತೊಳೆದ ಮೇಲೆ ಕೇಳಿದ ಮೊದಲ ಮಾತೇ ಅದು. "ಸೇರೆಲ್ಲಿ?"

"ಹುಳ ಹಿಡೀತಿತ್ತು ಅತ್ತೆಮ್ಮ. ಔಷ್ಧಿ ಹಾಕಿ ಅಟ್ಟದ ಮೇಲಿಟ್ಟೀನಿ" ಎಂದೆ.

ಅಂಗನವಾಡಿಯಲ್ಲಿ ಮಕ್ಕಳಿಗೆ ಸುಳ್ಳು ಹೇಳಬಾರದೆಂದು ಕಲಿಸುವವಳು ನಾನು. ಬಾಯಿಂದ ಅಷ್ಟು ಸಲೀಸಾಗಿ ಬಂತಲ್ಲ ಎಂದು ನನಗೇ ಆಶ್ಚರ್ಯವಾಯಿತು. ಅತ್ತೆ "ಹೂಂ" ಎಂದು ಒಳಗೆ ಹೋದರು. ಆಮೇಲೆ ಅಕ್ಕಿ ಅಳೆಯಲು ನಾನು ಒಂದು ಸ್ಟೀಲಿನ ಲೋಟ ಇಟ್ಟುಕೊಂಡೆ. ತಪ್ಪಿನ ಭಯಕ್ಕೆ ಅದರಲ್ಲೂ ಒಂದು ಹಿಡಿ ಬಿಟ್ಟೇ ಇಡುತ್ತಿದ್ದೆ. ಅವಸರದಲ್ಲಿ ಮರೆತು ಪೂರ್ತಿ ಸುರಿದುಕೊಂಡ ದಿನವೂ ಸಂಜೆ ನೋಡಿದರೆ ಲೋಟದಲ್ಲಿ ಅಕ್ಕಿ ಇರುತ್ತಿತ್ತು. ನಾನೇ ಹಾಕಿರಬೇಕು ಎಂದುಕೊಳ್ಳುತ್ತಿದ್ದೆ.

ಮರುವರ್ಷದ ಬೇಸಿಗೆ ರಜೆಯಲ್ಲಿ ತಂಗಿಯ ಮನೆಗೆ ಹೋದೆ. ಮೊಪೆಡ್ಡಿನವನ ಮಾತು ಕಿವಿಯಲ್ಲೇ ಇತ್ತು. ಬೆಂಗಳೂರು ಎಷ್ಟು ದೊಡ್ಡದು, ಸೇರು ಎಷ್ಟು ಸಣ್ಣದು ಎನ್ನುವ ಲೆಕ್ಕವೆಲ್ಲ ಆಗ ನನ್ನ ತಲೆಗೆ ಬರಲಿಲ್ಲ. ಗಾಜಿನ ಪೆಟ್ಟಿಗೆ ಇರುವುದು ಮ್ಯೂಸಿಯಮ್ಮಿನಲ್ಲಿ, ಆದ್ದರಿಂದ ಸೇರೂ ಅಲ್ಲೇ ಇರಬೇಕು ಎಂದು ಹೊರಟೆ. ಸಿಕ್ಕರೆ ಏನು ಮಾಡುತ್ತೇನೆಂದು ಯೋಚಿಸಿರಲಿಲ್ಲ. ಗಾಜು ಒಡೆದು ತರಲಾಗುತ್ತದೆಯೇ? ಆದರೂ ಎಲ್ಲಿದೆ ಎಂದು ಗೊತ್ತಾದರೆ ಅತ್ತೆಗೆ ನಿಜ ಹೇಳುವ ಧೈರ್ಯ ಬಂದೀತು ಅನ್ನಿಸುತ್ತಿತ್ತು.

ಜನರೆಲ್ಲ ತಲೆ ಎತ್ತಿ ದೇವರ ವಿಗ್ರಹ ನೋಡುತ್ತಿದ್ದರೆ ನಾನು ಬಗ್ಗಿ ಬಗ್ಗಿ ಕೆಳಗಿನ ಕಪಾಟುಗಳನ್ನು ನೋಡುತ್ತಿದ್ದೆ. ಕಾವಲಿನವನು ಹತ್ತಿರ ಬಂದು, "ಏನ್ ಕಳ್ಕೊಂಡ್ರಿ ಮೇಡಂ?" ಎಂದು ಕೇಳಿದ.

"ಸೇರು" ಎಂದೆ.

ಅವನು ನನ್ನ ಮುಖ ನೋಡಿ, ಆಮೇಲೆ ನಾನು ಹೊರಗೆ ಹೋಗುವವರೆಗೂ ನಾಲ್ಕು ಮಾರು ದೂರದಲ್ಲಿ ಹಿಂದೆಯೇ ಬಂದ.

ಸೇರು ಸಿಗಲಿಲ್ಲ. ಆದರೆ ಬಗ್ಗಿ ಬಗ್ಗಿ ಸೊಂಟ ನೋವು ಬಂದಾಗ ಎಲ್ಲಾದರೂ ಕೂರಬೇಕಲ್ಲ. ಕೂರುವ ಬೆಂಚುಗಳನ್ನು ಆ ಜನ ಚಿತ್ರಗಳ ಮುಂದೆಯೇ ಹಾಕಿರುತ್ತಾರೆ. ಹಾಗಾಗಿ ಚಿತ್ರ ನೋಡುವುದನ್ನು ಕಲಿತೆ. ಅಲ್ಲಿಯವರೆಗೆ ನನಗೆ ಗೊತ್ತಿದ್ದ ಚಿತ್ರಗಳೆಂದರೆ ಅಂಗನವಾಡಿಯ ಗೋಡೆಯ ಚಾರ್ಟುಗಳು. ಗಿಳಿ ಎಂದರೆ ಹಸಿರು, ಸೇಬು ಎಂದರೆ ಕೆಂಪು, ಮುಗಿಯಿತು. ಒಂದು ಹಳೇ ಬಂಗಲೆಯಲ್ಲಿ ಮಾಡಿರುವ ಗ್ಯಾಲರಿಯಲ್ಲಿ ಈರುಳ್ಳಿಯ ಚಿತ್ರವೊಂದಿದೆ. ಅಂಗೈ ಅಗಲದ್ದು. ಅರ್ಧ ಸುಲಿದ ಒಂದೇ ಒಂದು ಈರುಳ್ಳಿ, ಪಕ್ಕದಲ್ಲಿ ಅದರ ಸಿಪ್ಪೆ. ಸಿಪ್ಪೆಯ ಒಳಮೈಯ ಆ ತೆಳು ಗುಲಾಬಿ ಬಣ್ಣ ನೋಡಿ ನನಗೆ ನಾಚಿಕೆಯಾಯಿತು. ಇಪ್ಪತ್ತೈದು ವರ್ಷದಿಂದ ದಿನಾ ಈರುಳ್ಳಿ ಹೆಚ್ಚುತ್ತಿದ್ದೇನೆ, ಒಂದು ದಿನವೂ ಅದನ್ನು ನೋಡಿರಲಿಲ್ಲ. ಊರಿಗೆ ಬಂದ ಮೇಲೆ ಒಲೆ ಮುಂದೆ ಈರುಳ್ಳಿ ಹಿಡಿದುಕೊಂಡು ನಿಂತು ಒಗ್ಗರಣೆ ಸೀಯಿಸಿದ್ದೂ ಉಂಟು.

ಆಮೇಲಾಮೇಲೆ ನನ್ನದೇ ಒಂದು ಪದ್ಧತಿ ಬೆಳೆಯಿತು. ಮೊದಲು ಹಳೇ ಸಾಮಾನುಗಳ ಕಪಾಟು, ಸೇರಿದೆಯೇ ಎಂದು ನೋಡುವುದು. ಇಲ್ಲದಿದ್ದರೆ ಒಂದು ನಿಟ್ಟುಸಿರು. ಆಮೇಲೆ ಚಿತ್ರಗಳು. ಕೋಣೆಗೆ ಒಂದೇ ಚಿತ್ರ, ಅದಕ್ಕಿಂತ ಹೆಚ್ಚು ನನಗೆ ದಕ್ಕುವುದಿಲ್ಲ. ತಪ್ಪು ಕಂಡರೆ ಬೈಯದೆ ಬಿಡುವವಳೂ ಅಲ್ಲ. ಹೆಂಗಸೊಬ್ಬಳು ಅಕ್ಕಿ ಕೇರುವ ಚಿತ್ರದಲ್ಲಿ ಮೊರವನ್ನು ತಟ್ಟೆಯ ಹಾಗೆ ಹಿಡಿಸಿದ್ದರು. ಹಾಗೆ ಹಿಡಿದರೆ ಹೊಟ್ಟು ಹಾರುವುದು ಅವಳ ಬಾಯಿಗೇ ಎಂದು ಅಲ್ಲಿಟ್ಟಿದ್ದ ಅಭಿಪ್ರಾಯದ ಪುಸ್ತಕದಲ್ಲಿ ಬರೆದು ಬಂದೆ. ಕಲ್ಲುಗಳ ಅಂಗಳದಲ್ಲಿ ವೀರಗಲ್ಲುಗಳಿಗೆ "ಮುಟ್ಟಬೇಡಿ" ಎಂದು ಬೋರ್ಡು ಹಾಕಿದ್ದರು. ನಮ್ಮೂರಿನ ಕೆರೆ ಏರಿಯ ವೀರಗಲ್ಲಿಗೆ ಎಮ್ಮೆ ಮೈ ತಿಕ್ಕಿಕೊಳ್ಳುತ್ತದೆ, ಹಬ್ಬದ ದಿನ ನಾವು ಅರಿಶಿನ ಹಚ್ಚುತ್ತೇವೆ. ಇಲ್ಲಿ ಪಾಪ ಯಾರೂ ಮುಟ್ಟುವವರಿಲ್ಲದೆ ನಿಂತಿವೆಯಲ್ಲ ಎಂದು, ಕಾವಲಿನವನು ಆ ಕಡೆ ತಿರುಗಿದಾಗ ಒಬ್ಬ ವೀರನ ಮೊಣಕಾಲು ಸವರಿದೆ.

ಹೀಗೆ ಆರು ಬೇಸಿಗೆ ಕಳೆಯಿತು. ಸುಳ್ಳು ಅಟ್ಟದ ಮೇಲೆ ಭದ್ರವಾಗಿತ್ತು.

ಈ ವರ್ಷ ಮಗನಿಗೆ ಮದುವೆ ಗೊತ್ತಾಯಿತು. ಶನಿವಾರಸಂತೆಯಲ್ಲೇ ಪಂಪ್‌ಸೆಟ್ ರಿಪೇರಿ ಅಂಗಡಿ ಇಟ್ಟುಕೊಂಡಿರುವ ಹುಡುಗ. ಹೆಣ್ಣು ಅರಕಲಗೂಡಿನ ಕಡೆಯವಳು. ನನಗೆ ಆ ಸಂತೋಷದಲ್ಲೂ ಎದೆ ಒಳಗೆ ಒಂದು ಮುಳ್ಳು. ಸೊಸೆ ಹೊಸ್ತಿಲಲ್ಲಿ ನಿಂತ ಹೊತ್ತಿಗೆ ಸೇರು ಬೇಕು. ನೂರು ಜನರ ಮುಂದೆ "ಸೇರೆಲ್ಲಿ?" ಎಂದು ಅತ್ತೆ ಇನ್ನೊಮ್ಮೆ ಕೇಳಿದರೆ ನಾನು ಏನು ಹೇಳಲಿ? ಅವರು ಬೈದರೆ ತಡೆದುಕೊಂಡೇನು. ಅವರು ಬೈಯುವುದಿಲ್ಲವಲ್ಲ. ಅವತ್ತಿನ ಹಾಗೆ ಸುಮ್ಮನೆ ಊಟ ಬಿಟ್ಟು ಮಲಗಿದರೆ, ಮಗನ ಮದುವೆಯ ದಿನ, ನಾನು ಬದುಕಿದ್ದೂ ಸತ್ತಂತೆ.

ಒಂದು ಭಾನುವಾರ ನನ್ನ ಗಂಡ ಏಣಿ ತಂದೇಬಿಟ್ಟರು. "ಅಟ್ಟದ್ ಮ್ಯಾಲಿಂದ ಸೇರಿಳಿಸ್ತೀನಿ, ಪಟ್ಟಿ ಗಿಟ್ಟಿ ಬಿಗಿ ಮಾಡಿಸ್ಬೇಕು" ಎಂದರು. ರೊಟ್ಟಿ ಹಿಟ್ಟು ನಾದುತ್ತಿದ್ದ ನನ್ನ ಕೈ ಅಲ್ಲೇ ನಿಂತಿತು.

ಜಗಲಿಯಲ್ಲಿ ಕೂತು ಮೆಣಸಿನಕಾಳು ಆರಿಸುತ್ತಿದ್ದ ಅತ್ತೆ ತಲೆ ಎತ್ತದೆ, "ಅಟ್ಟದಾಗೆ ಕಡಜದ ಗೂಡೈತೆ, ಹತ್ಬ್ಯಾಡ. ಮುಖ ಊದಿಸ್ಕಂಡು ಮದ್ವೇಲಿ ನಿಂತ್ಕಂಡೀಯ? ಇನ್ನೂ ಟೈಮೈತೆ ಬುಡು" ಎಂದರು.

ಏಣಿ ಕೊಟ್ಟಿಗೆಗೆ ವಾಪಸಾಯಿತು. ಕಡಜಗಳಿಗೆ ನಾನು ಮನಸ್ಸಿನಲ್ಲೇ ಕೈ ಮುಗಿದೆ.

ಮದುವೆ ಸೀರೆಗೆಂದು ನಾನು, ಅತ್ತೆ ಇಬ್ಬರೇ ಬೆಂಗಳೂರಿಗೆ ಹೋದೆವು. ಸೀರೆ ಆರಿಸಲು ಎರಡು ದಿನ ಹಿಡಿಯಿತು. ಮೂರನೆಯ ದಿನ ಸಂಜೆಗೆ ವಾಪಸು ಬಸ್ಸು. ಬೆಳಿಗ್ಗೆ ಕಾಫಿ ಕುಡಿಯುತ್ತ ತಂಗಿ, "ಅಕ್ಕಾ, ನಿನ್ನ ಈರುಳ್ಳಿ ಬಂಗ್ಲೇಲಿ ಹಳೇ ಕಾಲದ ಮನೆಸಾಮಾನಿನ ಪ್ರದರ್ಶನ ನಡೀತಿದ್ಯಂತೆ, ನಾಳೆಗೆ ಮುಗ್ಯತ್ತೆ" ಎಂದಳು. ಅತ್ತೆಯ ಮುಂದೆ ಆ ಮಾತು ಬೇಕಿತ್ತೇ! ನಾನು ಕೇಳಿಸದವಳ ಹಾಗೆ ಲೋಟ ತೊಳೆಯಲು ಎದ್ದೆ.

"ನಂಗೂ ಒಸಿ ತೋರ್ಸವ್ವ" ಎಂದರು ಅತ್ತೆ. "ವರ್ಷಾ ವರ್ಷಾ ಅದೇನ್ ನೋಡಕ್ ಬತ್ತೀಯ, ನಾನೂ ನೋಡ್ತೀನಿ."

ಕಾಲು ನೋವು, ಬಿಸಿಲು, ಮೆಟ್ಟಿಲು, ಎಲ್ಲ ಹೇಳಿ ನೋಡಿದೆ. ಅವರು ಆಗಲೇ ಸೆರಗು ಸರಿಮಾಡಿಕೊಳ್ಳುತ್ತಿದ್ದರು.

ಗ್ಯಾಲರಿಯಿಂದ ನೇರ ಬಸ್ಸಿಗೆ ಎಂದು ಗಂಟುಮೂಟೆ ಸಮೇತ ಹೊರಡುವಾಗ ತಂಗಿ ನನಗೆ ಮಡಿಲು ತುಂಬಿದಳು. ಮೂರು ಸೇರಿನಷ್ಟು ಅಕ್ಕಿ, ತೆಂಗಿನಕಾಯಿ, ಬೆಲ್ಲದಚ್ಚು, ಎಲೆ ಅಡಿಕೆ. ಮಡಿಲಕ್ಕಿಯನ್ನು ನೆಲಕ್ಕಿಡುವ ಹಾಗಿಲ್ಲ, ಚಪ್ಪಲಿಯ ಹತ್ತಿರ ಇಡುವ ಹಾಗಿಲ್ಲ. ಗ್ಯಾಲರಿಯ ಬಾಗಿಲಲ್ಲಿ ಬ್ಯಾಗು ಇಡುವ ಕೌಂಟರಿನವಳು ಸೀರೆಯ ಚೀಲಗಳನ್ನು ತೆಗೆದುಕೊಂಡಳು. ಅಕ್ಕಿಯ ಚೀಲವನ್ನು ಅತ್ತೆ ಕೊಡಲೇ ಇಲ್ಲ. "ಇದು ಮಡ್ಲಕ್ಕಿ ತಾಯಿ, ಸೂಟ್‌ಕೇಸಿನ ಜೊತೆ ಇಡಾದಲ್ಲ" ಎಂದರು. ಹುಡುಗಿಗೆ ಏನರ್ಥವಾಯಿತೋ, ತೂಕ ನೋಡಿ ಬಿಟ್ಟಳು. ಅಕ್ಕಿಯನ್ನು ಮಗುವಿನ ಹಾಗೆ ಸೊಂಟದ ಮೇಲೆ ಇಟ್ಟುಕೊಂಡು ನಾನು ಕಲಾಕೃತಿ ನೋಡಲು ಹೊರಟೆ.

ಹೊತ್ತು ಕಳೆಯಲೆಂದು ಕೆಳಗಿನ ಚಿತ್ರಗಳಿಗೇ ಮೊದಲು ಕರೆದುಕೊಂಡು ಹೋದೆ. ಈರುಳ್ಳಿಯ ಮುಂದೆ ನಿಲ್ಲಿಸಿ, "ಇದೇ ಅತ್ತೆಮ್ಮ, ನಂಗೆ ಭಾಳ ಇಷ್ಟ" ಎಂದೆ. ಅವರು ಕನ್ನಡಕ ಏರಿಸಿ ತುಂಬ ಹೊತ್ತು ನೋಡಿದರು.

"ಸುಲ್ದಿಟ್ಟು ಭಾಳ ಹೊತ್ತಾಗೈತೆ, ಅಂಚು ಬಾಡೈತೆ ನೋಡು" ಎಂದರು. "ಬರ್ದೋನು ಉಣ್ಣದ್ನೂ ಬುಟ್ಟು ಇದ್ನೇ ನೋಡ್ತಾ ಕುಂತಿದ್ನೇನೊ, ಪಾಪ."

ಆರು ವರ್ಷ ನೋಡಿದ ಚಿತ್ರದಲ್ಲಿ ಆ ಬಾಡಿದ ಅಂಚು ನನಗೆ ಕಂಡೇ ಇರಲಿಲ್ಲ. ಅತ್ತೆಯ ಮೇಲೆ ನನಗೆ ಆ ಕ್ಷಣ ಎಷ್ಟು ಪ್ರೀತಿ ಬಂತೆಂದರೆ, ಅಲ್ಲೇ ಎಲ್ಲ ಹೇಳಿಬಿಡಲೇ ಅನ್ನಿಸಿತು. ಬಾಯಿ ತೆರೆದೆ. "ಮೇಲಕ್ಕೆ ಹೋಗಾನ?" ಎಂದಷ್ಟೇ ಬಂತು.

ಮೇಲಿನ ಕೋಣೆಯಲ್ಲಿ ಬೀಸುವ ಕಲ್ಲು, ಕಡಗೋಲು, ತೊಟ್ಟಿಲು, ಉಪ್ಪಿನ ಮರಿಗೆ. ಅವುಗಳ ಆಚೆ ಕಿಟಕಿಯ ಹತ್ತಿರ ಒಂದು ಮರದ ಕಟ್ಟೆ, ಸುತ್ತ ಕೆಂಪು ಹಗ್ಗ. ಕಟ್ಟೆಯ ಮೇಲೆ ಸಾಲಾಗಿ ಏಳು ಸೇರುಗಳು. ಏಳನ್ನೂ ಬೋರಲು ಹಾಕಿದ್ದರು.

ಮೂರನೆಯದಕ್ಕೆ ಹಿತ್ತಾಳೆ ಪಟ್ಟಿಯಿತ್ತು. ಅದೇ ಎತ್ತರ, ಅದೇ ಹಲಸಿನ ಬಣ್ಣ. ಬುಡ ಮಾತ್ರ ಕಾಣುತ್ತಿತ್ತು, ಬಾಯಿಯ ಅಂಚು ಕಟ್ಟೆಗೆ ಕಚ್ಚಿಕೊಂಡಿತ್ತು. ಆ ಹೆಬ್ಬೆರಳಿನ ಸವಕಲು ಇದೆಯೋ ಇಲ್ಲವೋ ಎತ್ತದೆ ಗೊತ್ತಾಗುವ ಹಾಗಿಲ್ಲ. ನಾನು ಅಲ್ಲೇ ನಿಂತೆ. ಆರು ವರ್ಷ ಸಿಗಲಿ ಸಿಗಲಿ ಎಂದು ಬೇಡಿಕೊಂಡವಳು ಈಗ ದೇವರೇ ಅದಾಗದಿರಲಿ ಎಂದು ಬೇಡಿಕೊಂಡೆ. ಅತ್ತೆಯನ್ನು ತೊಟ್ಟಿಲ ಕಡೆ ತಿರುಗಿಸೋಣ ಎಂದು ನೋಡಿದರೆ ಅವರು ಆಗಲೇ ಕೆಂಪು ಹಗ್ಗದ ಅಡಿ ನುಸುಳಿ ಆಚೆ ಹೋಗಿದ್ದರು.

"ಅಯ್ಯೋ ಶಿವನೇ, ಯಾರಪ್ಪ ಇದು ಬೋರಲು ಹಾಕಿದೋರು?" ಎನ್ನುತ್ತ ಮೊದಲನೆಯ ಸೇರನ್ನು ಎರಡು ಕೈಯಲ್ಲೂ ಎತ್ತಿದರು. ತಿರುಗಿಸಿದರು. ಅಂಚಿನ ಸುತ್ತ ಹೆಬ್ಬೆರಳು ಆಡಿಸಿದರು. ನೆಟ್ಟಗಿಟ್ಟು ನನ್ನ ಕಡೆ ಕೈ ಚಾಚಿ, "ತಾ ಇಲ್ಲಿ ಅಕ್ಕಿ" ಎಂದರು.

ನಾನು ಚೀಲದ ಬಾಯಿ ಬಿಚ್ಚಿ ಹಗ್ಗದ ಮೇಲಿನಿಂದ ಹಿಡಿದೆ. ಅವರು ಒಂದು ಹಿಡಿ ತೆಗೆದು ಸೇರಿಗೆ ಹಾಕಿದರು.

ಎರಡನೆಯದಕ್ಕೆ ಕೈ ಹಾಕುವಷ್ಟರಲ್ಲಿ ಕಾವಲಿನವನು ಓಡಿ ಬಂದ. ವಯಸ್ಸಾದವನು, ಮಾತು ಉತ್ತರ ಕರ್ನಾಟಕದ ಕಡೆಯದು. "ಯವ್ವಾ, ಯವ್ವಾ, ಮುಟ್ಟಬ್ಯಾಡ್ರಿ! ಹಗ್ಗ ದಾಟಂಗಿಲ್ರಿ!" ಎಂದು ಕೂಗಿದ.

ಅತ್ತೆ ಎರಡನೆಯದನ್ನು ತಿರುಗಿಸಿ, ಹೆಬ್ಬೆರಳು ಆಡಿಸಿ, ನೆಟ್ಟಗಿಟ್ಟು, ಒಂದು ಹಿಡಿ ಹಾಕಿದರು. ಅವನು ಆ ಕೈಯನ್ನೂ ಅಕ್ಕಿಯನ್ನೂ ನೋಡಿದ. ಅವನ ದನಿ ಇಳಿಯಿತು. "ಬರಿದ ಇಡಬಾರದಂತ ನಮ್ಮವ್ವನೂ ಬೈತಿದ್ಲ್ರಿ" ಎಂದು ನನಗೆ ಮೆಲ್ಲಗೆ ಹೇಳಿ, "ಆದ್ರ ನನ್ನ ಕೆಲಸ ಹೊಕ್ಕೈತಿ, ಮ್ಯಾಡಮ್ಮರನ ಕರೀತೇನಿ" ಎಂದು ಹೊರಗೆ ಹೋದ. ಓಡಲಿಲ್ಲ, ನಿಧಾನವಾಗಿಯೇ ಹೋದ.

ಮೂರನೆಯದು. ಅತ್ತೆ ಅದನ್ನು ಎತ್ತಿದಾಗ ನಾನು ಕಣ್ಣು ಮುಚ್ಚಿಕೊಂಡೆ. ತೆರೆದಾಗ ಅವರ ಹೆಬ್ಬೆರಳು ಇನ್ನೂ ಅಂಚಿನ ಮೇಲೇ ಇತ್ತು. ಒಂದು ಸುತ್ತು, ಇನ್ನೊಂದು ಸುತ್ತು. ಬಾಯಿಯ ಪಟ್ಟಿಯ ಮೊಳೆ ಎಣಿಸಿದೆ. ಮೂರೂ ಹಿತ್ತಾಳೆ. ಅಂಚು ಎಲ್ಲೂ ಸವೆದಿರಲಿಲ್ಲ. ನನಗೆ ಉಸಿರು ಬಂತು, ಜೊತೆಗೆ ಅಳುವೂ ಬಂತು. ಅತ್ತೆ ಅಕ್ಕಿ ಹಾಕಿ ನಾಲ್ಕನೆಯದಕ್ಕೆ ಹೋದರು. ಐದು, ಆರು. ಏಳನೆಯದು ಸಣ್ಣದು, ನಮ್ಮದಲ್ಲವೆಂದು ನೋಡಿದರೇ ಗೊತ್ತಾಗುತ್ತಿತ್ತು. ಆದರೂ ಆಡಿಸಿ ನೋಡಿದರು. ಆಮೇಲೆ ನನ್ನ ಕಡೆ ತಿರುಗದೆ, ನನಗೆ ಮಾತ್ರ ಕೇಳುವ ಹಾಗೆ ಹೇಳಿದರು.

"ನಮ್ದು ಇದ್ರಾಗಿಲ್ಲ ಕಣವ್ವ."

ನನ್ನ ಕೈಯಿಂದ ಚೀಲ ಜಾರಿತು. ಅವರೇ ಹಿಡಿದುಕೊಂಡರು.

ಅಷ್ಟರಲ್ಲಿ ಪ್ರದರ್ಶನ ಜೋಡಿಸಿದ ಹುಡುಗಿ ಬಂದಳು. ನನ್ನ ಮಗನಿಗಿಂತ ಸಣ್ಣವಳು, ಕೈಗೆ ಬಿಳಿ ಗ್ಲೌಸು. "ಅಜ್ಜಿ, ಪ್ಲೀಸ್, ಇವೆಲ್ಲ ತುಂಬಾ ಹಳೇವು, ಹೀಗೆ ಮುಟ್ಟಬಾರ್ದು. ಬುಡದಲ್ಲಿ ಮಾಡಿದೋರ ಗುರುತಿದೆ, ಅದು ಕಾಣ್ಲಿ ಅಂತ ಉಲ್ಟಾ ಇಟ್ಟಿದ್ದೆ" ಎಂದಳು. ಅಳು ಬರುವ ಹಾಗಿತ್ತು ಅವಳ ಮುಖ.

"ಗುರ್ತು ನೋಡ್ಬೇಕಾದ್ರೆ ಎತ್ತಿ ನೋಡಿ, ಮತ್ತೆ ನೆಟ್ಟಗಿಡು ಮಗ" ಎಂದರು ಅತ್ತೆ. "ಬೋರಲು ಹಾಕಿ ಬರಿದು ಮಾಡೋದು ಮನೆ ಬುಟ್ಟು ಹೋಗೋರು. ಒಂದೊಂದು ಮನೇದಲ್ವ ಇವು? ಆ ಮನೆಯೋರು ಎಲ್ಲಿದ್ರೂ ಚೆನ್ನಾಗಿರ್ಲಿ."

ಹುಡುಗಿ ಅತ್ತೆಯನ್ನು ನೋಡಿದಳು, ಏಳು ಸೇರುಗಳನ್ನು ನೋಡಿದಳು. ಅಕ್ಕಿಯಿದ್ದರೆ ಹುಳ ಬರುತ್ತದೆ, ಇಡುವ ಹಾಗಿಲ್ಲ ಎಂದಳು. ಆಮೇಲೆ ತಾನೇ, "ನಾಳೆ ಸಂಜೆ ಮುಗಿಯತ್ತಲ್ಲ, ಅಲ್ಲೀತನಕ ಇರ್ಲಿ. ಗುರುತಿಗೆ ಫೋಟೋ ಹಾಕ್ತೀನಿ" ಎಂದು ಗ್ಲೌಸು ತೆಗೆದು ಬರಿಗೈಯಲ್ಲಿ ಒಂದು ಸೇರನ್ನು ಸ್ವಲ್ಪ ಸರಿಸಿ ಸಾಲು ಸರಿಮಾಡಿದಳು. ನಾನು ಅಷ್ಟು ಹೊತ್ತೂ ಒಂದು ಮಾತಾಡಿರಲಿಲ್ಲ. ಅದು ನನ್ನ ಜನ್ಮದಲ್ಲೇ ಮೊದಲ ಸಲವಿರಬೇಕು.

ಬಂಗಲೆಯ ತೋಟದಲ್ಲಿ ಕಲ್ಲು ಬೆಂಚಿದೆ. ಅಲ್ಲಿ ಕೂತ ಮೇಲೆ ಕೇಳಿದೆ. "ಯಾವಾಗ್ಲಿಂದ ಗೊತ್ತು ಅತ್ತೆಮ್ಮ?"

"ಮುಂದಿನ್ ವರ್ಷಾನೇ ಆ ಮೊಪೆಡ್ಡಿನೋನು ಬಂದಿದ್ದ. ನೀನು ಅಂಗನವಾಡೀಲಿದ್ದೆ. ಹೋದ್ಸಲ ಕೊಟ್ಟಂಥ ಸೇರು ಇನ್ನೊಂದೈತಾ ಅಂದ. ಅದೆಲ್ಲೋಯ್ತಪ್ಪ ಅಂದೆ. ಬೆಂಗ್ಳೂರು ಅಂದ." ಸೆರಗಿನ ತುದಿಯಲ್ಲಿ ಕನ್ನಡಕ ಒರೆಸಿಕೊಂಡರು. "ನೀನು ಅದ್ನೇ ಹುಡ್ಕಕ್ಕೆ ಬತ್ತೀಯ ಅಂತ ಆವಾಗ ತಿಳೀತು."

"ನನ್ನ ಕೇಳ್ಬೋದಿತ್ತಲ್ಲ! ಬಯ್ಬೋದಿತ್ತಲ್ಲ!" ನನ್ನ ದನಿ ಜೋರಾಗಿಯೇ ಬಂತು. ಹೂವಿನ ಗಿಡಕ್ಕೆ ನೀರು ಹಾಕುತ್ತಿದ್ದವನು ತಿರುಗಿ ನೋಡಿದ.

"ಕೇಳಿದ್ರೆ ನೀನು ಇನ್ನೊಂದು ಸುಳ್ಳು ಹೇಳ್ಬೇಕಾಗ್ತಿತ್ತು" ಎಂದರು ಅತ್ತೆ. "ಒಂದಕ್ಕೇ ಸೊರಗಿ ಕಡ್ಡಿಯಾಗಿದ್ದೆ."

"ಅಟ್ಟದ ಕಡಜ?"

"ಎಲ್ಲಿಯ ಕಡಜ!"

ನಾನು ಅವರ ತೊಡೆಯ ಮೇಲೆ ತಲೆಯಿಟ್ಟು ಅತ್ತುಬಿಟ್ಟೆ. ಐವತ್ತು ದಾಟಿದವಳು, ನಾಳೆ ಅತ್ತೆಯಾಗುವವಳು, ಬೆಂಗಳೂರಿನ ನಡುಮಧ್ಯೆ ಹಾಗೆ ಅಳುವುದು ಚೆಂದವಲ್ಲ ಎಂದು ಗೊತ್ತಿತ್ತು. ಅವರು ಮಡಿಲಕ್ಕಿಯ ಚೀಲದಿಂದ ಬೆಲ್ಲದಚ್ಚು ತೆಗೆದು, ಬೆಂಚಿನ ಅಂಚಿಗೆ ಕುಟ್ಟಿ, ಒಂದು ಚೂರು ನನ್ನ ಬಾಯಿಗಿಟ್ಟರು. ಮದುವೆಯ ದಿನ ಏನು ಮಾಡುವುದು ಎಂದು ಕೇಳಿದೆ. ನೋಡಾನ ಬುಡು, ಎಂದರು. ಬಸ್ಸಿನಲ್ಲಿ ಹಾಸನ ಬರುವವರೆಗೂ ಇಬ್ಬರೂ ನಿದ್ದೆ ಹೊಡೆದೆವು.

ಮದುವೆ ಮುಗಿದು ಹೆಣ್ಣು ಗಂಡು ಮನೆಗೆ ಬಂದಾಗ ಮಧ್ಯಾಹ್ನ ಮೂರು ಗಂಟೆ. ಕಾಫಿ ಒಣಗಿಸುವ ಕಣದಲ್ಲಿ ಹಾಕಿದ್ದ ಶಾಮಿಯಾನದ ತುಂಬ ಜನ. ಆರತಿ ಆಯಿತು. ಯಾರೋ "ಸೇರು ತನ್ರೋ" ಎಂದರು. ನನ್ನ ಗಂಡ ನನ್ನ ಮುಖ ನೋಡಿದರು. ನಾನು ಅತ್ತೆಯನ್ನು ಹುಡುಕಿದೆ.

ಅತ್ತೆ ಅಡುಗೆಮನೆಯಿಂದ ಬಂದರು. ಕೈಯಲ್ಲಿ ನಮ್ಮ ಸ್ಟೀಲಿನ ಲೋಟ. ತುಂಬ ಅಕ್ಕಿ, ಮೇಲೊಂದು ಬೆಲ್ಲದ ಚೂರು. ಸೊಂಟ ಬಗ್ಗಿಸಿ ಅದನ್ನು ಹೊಸ್ತಿಲ ಮೇಲೆ ನೆಟ್ಟಗಿಟ್ಟರು.

"ಇದೇನಜ್ಜಿ ಲೋಟ? ನಿಮ್ಮನೆ ಸೇರೆಲ್ಲಿ?" ಹೆಣ್ಣಿನ ಕಡೆಯ ಹೆಂಗಸೊಬ್ಬರು ಎಲ್ಲರಿಗೂ ಕೇಳುವ ಹಾಗೆ ಕೇಳಿದರು.

"ಇದೇಯ ನಮ್ಮನೆ ಸೇರು" ಎಂದರು ಅತ್ತೆ, ಅವರಿಗಿಂತ ಜೋರಾಗಿ. ಅಷ್ಟು ಜೋರಾಗಿ ಅವರು ಮಾತಾಡಿದ್ದನ್ನು ನಾನು ಕೇಳಿರಲೇ ಇಲ್ಲ. "ಆರು ವರ್ಷದಿಂದ ನನ್ ಸೊಸೆ ಇದ್ರಾಗೇ ಅಳ್ದು ನಮ್ಗೆಲ್ಲ ಉಣ್ಣಕ್ಕಿಕ್ಕವ್ಳೆ. ಒಂದು ದಿನಾನೂ ಬರಿದು ಬುಟ್ಟಿಲ್ಲ."

ಬರಿದು ಬಿಟ್ಟ ದಿನಗಳು ಎಷ್ಟೋ ಇದ್ದವು. ಆ ದಿನಗಳ ಸಂಜೆ ಲೋಟದಲ್ಲಿ ಅಕ್ಕಿ ಹಾಕಿದ್ದು ಯಾರು ಎನ್ನುವುದು ನನಗೆ ಹೊಳೆದದ್ದು ಆಗ.

ಸೊಸೆ ಬಲಗಾಲು ತಾಕಿಸಿದಳು. ಸ್ಟೀಲಿನ ಲೋಟ, ಹಗುರ. ಠಣ್ ಎಂದು ಎಗರಿ ನಡುಮನೆಯ ತುಂಬ ಅಕ್ಕಿ ಚೆಲ್ಲಿಕೊಂಡು ಉರುಳುತ್ತ ಬಂದು ನನ್ನ ಕಾಲ ಹತ್ತಿರ ನಿಂತಿತು. ಹುಡುಗಿ ಗಾಬರಿಯಿಂದ ನಾಲಿಗೆ ಕಚ್ಚಿಕೊಂಡಳು. "ಹೋಗ್ಲಿ ಬುಡಿ, ಕಾಲಾಗೆ ಕಸುವೈತೆ" ಎಂದೆ. ಎಲ್ಲರೂ ನಕ್ಕರು, ಅತ್ತೆಯೂ ನಕ್ಕರು. ನಾನು ಲೋಟವನ್ನು ಎತ್ತಿ ನೆಟ್ಟಗಿಟ್ಟು, ಅದಕ್ಕೆ ಅಕ್ಕಿ ಬಾಚಿ ಹಾಕುವ ನೆಪದಲ್ಲಿ ತುಂಬ ಹೊತ್ತು ತಲೆ ಎತ್ತಲಿಲ್ಲ.